ಶಕುನಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?

ಹಾಸನದಿಂದ ವಿದ್ಯಾರ್ಥಿನಿಯೊಬ್ಬರು: ಮೇಡಂ, ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಇಂಗ್ಲಿಷ್ ಪಾಠದ ಒಂದೇ ಪುಟದಲ್ಲಿ ಓಮೆನ್, ಪೋರ್ಟೆಂಟ್, ಆಗ್ಯುರಿ, ಪ್ರೆಸೇಜ್ ಅಂತ ನಾಲ್ಕು ಪದ ಬಂದವು. ನಿಘಂಟು ತೆಗೆದರೆ ನಾಲ್ಕಕ್ಕೂ 'ಶಕುನ' ಅಂತಲೇ ಇದೆ. ಹಾಗಾದರೆ ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದಾ?

ಉತ್ತರ: ಹಾಕಬಾರದು. ನಿಘಂಟಿನ ತಪ್ಪೇನೂ ಇಲ್ಲ, ಅದಕ್ಕೆ ಇರುವುದೇ ಒಂದು ಸಾಲಿನ ಜಾಗ. ಆದರೆ ಈ ನಾಲ್ಕೂ ಬೇರೆ ಬೇರೆ ಸಂದರ್ಭದಲ್ಲಿ ಹುಟ್ಟಿದ ಪದಗಳು. ಹುಟ್ಟಿದ ಕಡೆಯ ಗುಣ ಇನ್ನೂ ಬಿಟ್ಟಿಲ್ಲ. ಅದನ್ನು ತಿಳಿದುಕೊಂಡರೆ ಯಾವುದು ಎಲ್ಲಿ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಓಮೆನ್ ಲ್ಯಾಟಿನ್ ಪದ. ಹಳೇ ರೋಮಿನವರಿಗೆ ಓಮೆನ್ ಅಂದರೆ ಬಹಳ ಸಲ ಕಿವಿಗೆ ಬಿದ್ದ ಮಾತು. ಯಾರೋ ಏನೋ ಸುಮ್ನೆ ಆಡಿದ ಮಾತು, ಕೇಳಿದವನಿಗೆ ತನ್ನ ಕೆಲಸದ ಬಗ್ಗೆಯೇ ಹೇಳಿದ ಹಾಗೆ ಕೇಳಿಸುತ್ತದಲ್ಲ, ಅದು. ನಮ್ಮಲ್ಲೂ ಹೊರಟವರನ್ನು 'ಎಲ್ಲಿಗೆ' ಅಂತ ಕೇಳಬಾರದು. ಮಕ್ಕಳು ಕೆಟ್ಟದ್ದೇನಾದರೂ ಅಂದರೆ 'ಹಾಗೆಲ್ಲ ಅನ್ನಬೇಡ, ಅಶ್ವಿನಿ ದೇವತೆಗಳು ಅಸ್ತು ಅಂತಾರೆ' ಅಂತ ಅಜ್ಜಿ ಗದರುತ್ತಾಳೆ. ಬಾಯಿಂದ ಬಂದ ಮಾತಿಗೆ ಅಷ್ಟು ಭಯ. ರೋಮಿನವರದೂ ಅದೇ ಭಯ.

ರೋಮಿನ ಲೇಖಕ ಸಿಸೆರೊ ಒಂದು ಪ್ರಸಂಗ ಹೇಳುತ್ತಾನೆ. ಕ್ರಾಸಸ್ ಎಂಬ ಸೇನಾಪತಿ ಪಾರ್ಥಿಯನ್ನರ ಮೇಲೆ ಯುದ್ಧಕ್ಕೆ ಅಂತ ಬ್ರುಂಡಿಸಿಯಂ ಬಂದರಿನಲ್ಲಿ ಸೈನ್ಯವನ್ನು ಹಡಗು ಹತ್ತಿಸುತ್ತಿದ್ದ. ಅಲ್ಲೇ ಒಬ್ಬ ಅಂಜೂರ ಮಾರುವವನು 'ಕೌನಿಯಾಸ್, ಕೌನಿಯಾಸ್' ಅಂತ ಕೂಗುತ್ತಿದ್ದ. ಕೌನಸ್ ಎಂಬ ಊರಿನ ಅಂಜೂರ ಅಂತ ಅದರ ಅರ್ಥ. ಆದರೆ ಅದೇ ಕೂಗು ಲ್ಯಾಟಿನ್ನಿನಲ್ಲಿ 'ಕವೆ ನೆ ಇಯಾಸ್' ಅಂತಲೂ ಕೇಳುತ್ತದೆ. ಅಂದರೆ 'ಹುಷಾರು, ಹೋಗಬೇಡ'. ಕ್ರಾಸಸ್ ಹೋದ. ಕ್ರಿ.ಪೂ. 53ರಲ್ಲಿ ಕಾರೆ ಎಂಬಲ್ಲಿ ಸೈನ್ಯ ನಾಶವಾಯಿತು, ಅವನೂ ಸತ್ತ.

ಇನ್ನೊಂದು ಕಥೆ ನನಗೆ ಇದಕ್ಕಿಂತ ಇಷ್ಟ. ಎಮಿಲಿಯಸ್ ಪೌಲಸ್ ಎಂಬಾತನಿಗೆ ಮ್ಯಾಸಿಡೋನಿಯದ ರಾಜ ಪೆರ್ಸಿಯಸ್ ಮೇಲೆ ಯುದ್ಧ ಮಾಡುವ ಹೊಣೆ ಸಿಕ್ಕಿತು. ಅವತ್ತು ಸಂಜೆ ಮನೆಗೆ ಬಂದರೆ ಪುಟ್ಟ ಮಗಳು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಾಳೆ. ಯಾಕಮ್ಮ ಅಂದರೆ, 'ಅಪ್ಪಾ, ಪೆರ್ಸ ಸತ್ತುಹೋಯಿತು' ಅಂದಳು. ಪೆರ್ಸ ಅವರ ಮನೆಯ ನಾಯಿಮರಿಯ ಹೆಸರು. ಅಪ್ಪ ಮಗಳನ್ನು ತಬ್ಬಿಕೊಂಡು 'ಈ ಓಮೆನ್ ಒಪ್ಪಿಕೊಂಡೆ' ಅಂದನಂತೆ. ಕ್ರಿ.ಪೂ. 168ರಲ್ಲಿ ಪಿಡ್ನಾದಲ್ಲಿ ಗೆದ್ದ.

'ಒಪ್ಪಿಕೊಂಡೆ' ಅನ್ನುವ ಆ ಮಾತನ್ನು ದಯವಿಟ್ಟು ಮರೆಯಬೇಡಿ. ರೋಮಿನವರ ಲೆಕ್ಕದಲ್ಲಿ ಓಮೆನ್ ಅನ್ನು ಒಪ್ಪಿಕೊಳ್ಳಬಹುದಿತ್ತು, ಬೇಡ ಅಂತ ತಳ್ಳಲೂಬಹುದಿತ್ತು. ನಾಯಿಮರಿ ಸತ್ತದ್ದು ನಾಯಿಮರಿ ಸತ್ತದ್ದೇ. ಅದು ಓಮೆನ್ ಆದದ್ದು ಒಬ್ಬ ಮನುಷ್ಯ ಅದನ್ನು ಹಾಗೆ ತೆಗೆದುಕೊಂಡದ್ದರಿಂದ. ಇವತ್ತಿನ ಇಂಗ್ಲಿಷಿನಲ್ಲಿ ಓಮೆನ್ ಮಾತಿಗಷ್ಟೇ ಅಲ್ಲ, ಕಣ್ಣಿಗೆ ಕಂಡದ್ದಕ್ಕೂ ಆಗುತ್ತದೆ. ಒಳ್ಳೆಯದಕ್ಕೂ ಆಗುತ್ತದೆ, ಕೆಟ್ಟದ್ದಕ್ಕೂ ಆಗುತ್ತದೆ. ಆದ್ದರಿಂದ ಯಾವುದು ಹಾಕಬೇಕು ಅಂತ ತಿಳಿಯದಿದ್ದಾಗ ಓಮೆನ್ ಹಾಕಿ, ಮುಂದೆ ಗುಡ್ ಅಥವಾ ಬ್ಯಾಡ್ ಸೇರಿಸಿ.

ಪೋರ್ಟೆಂಟ್ ದೊಡ್ಡದು. ಬೆಕ್ಕು ಅಡ್ಡ ಬಂದರೆ, ಹಲ್ಲಿ ಲೊಚಗುಟ್ಟಿದರೆ ಅದು ಪೋರ್ಟೆಂಟ್ ಅಲ್ಲ. ಆಕಾಶದಲ್ಲಿ ಬಾಲಚುಕ್ಕಿ ಕಾಣಬೇಕು, ನೆಲ ನಡುಗಬೇಕು, ರಕ್ತದ ಮಳೆ ಬಂತು ಅಂತ ಸುದ್ದಿಯಾಗಬೇಕು. ಅದರಿಂದ ಸೂಚನೆ ಸಿಗುವುದೂ ಒಂದು ಮನೆಗಲ್ಲ, ಒಂದು ರಾಜ್ಯಕ್ಕೆ. ನಮ್ಮ ಹಳೆಯ ಪದ 'ಉತ್ಪಾತ' ಇದಕ್ಕೆ ಸರಿಯಾಗಿ ಹೊಂದುತ್ತದೆ. 1066ರ ವಸಂತದಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಹ್ಯಾಲಿ ಧೂಮಕೇತು ಕಂಡಿತು. ಅದೇ ಅಕ್ಟೋಬರಿನಲ್ಲಿ ಹೇಸ್ಟಿಂಗ್ಸ್ ಯುದ್ಧದಲ್ಲಿ ರಾಜ ಹೆರಾಲ್ಡ್ ಸತ್ತ, ನಾರ್ಮಂಡಿಯ ವಿಲಿಯಂ ಗೆದ್ದ. ಆ ಕಥೆಯನ್ನು ಕಸೂತಿ ಹಾಕಿದ ಬಾಯೂ ಬಟ್ಟೆಯ ಮೇಲೆ ಜನ ಕೈ ಎತ್ತಿ ಆ ಚುಕ್ಕಿಯನ್ನು ತೋರಿಸುವ ಚಿತ್ರ ಇವತ್ತಿಗೂ ನೋಡಬಹುದು. ಚುಕ್ಕಿ ಒಂದೇ. ಹೆರಾಲ್ಡನ ಕಡೆಯವರಿಗೆ ಅದು ಕೇಡು, ವಿಲಿಯಂ ಕಡೆಯವರಿಗೆ ಗೆಲುವು.

ಆಗ್ಯುರಿ ಅಂದರೆ ಕಂಡದ್ದಕ್ಕಿಂತ ಹೆಚ್ಚಾಗಿ ನೋಡುವ ವಿದ್ಯೆ. ರೋಮಿನಲ್ಲಿ ಆಗರ್ ಎಂಬ ಅಧಿಕಾರಿಗಳಿದ್ದರು. ಹಕ್ಕಿ ಯಾವ ಕಡೆಯಿಂದ ಬಂತು, ಎಷ್ಟು ಬಂತು, ಹೇಗೆ ಕೂಗಿತು ಅಂತ ನೋಡಿ, ಈ ಕೆಲಸಕ್ಕೆ ದೇವರ ಅಪ್ಪಣೆ ಇದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ರೋಮ್ ಪಟ್ಟಣ ಕಟ್ಟುವಾಗಲೇ ಅವಳಿಗಳಲ್ಲಿ ರೀಮಸ್‌ಗೆ 6 ರಣಹದ್ದು, ರೋಮುಲಸ್‌ಗೆ 12 ರಣಹದ್ದು ಕಂಡವು ಅಂತ ಪುರಾಣ ಇದೆ. ಆಗ ಮೊದಲು ಕಂಡದ್ದು ಲೆಕ್ಕವೋ, ಜಾಸ್ತಿ ಕಂಡದ್ದು ಲೆಕ್ಕವೋ ಅಂತ ಜಗಳ ಬಂತು. ಆಸ್ಪಿಸ್ ಎಂಬ ಇನ್ನೊಂದು ಪದಕ್ಕೆ ಲ್ಯಾಟಿನ್ನಿನಲ್ಲಿ ನೇರ ಅರ್ಥವೇ 'ಹಕ್ಕಿ ನೋಡುವುದು'.

ಇಲ್ಲಿ ನನಗೆ ಪ್ರತಿ ಸಲ ಮೈ ಜುಮ್ಮೆನ್ನುವ ಒಂದು ವಿಷಯ ಇದೆ. ಸಂಸ್ಕೃತದಲ್ಲಿ 'ಶಕುನ' ಅಂದರೂ ಮೊದಲ ಅರ್ಥ ಹಕ್ಕಿ! ಅಲ್ಲಿಂದ ಹಕ್ಕಿಯ ಸೂಚನೆ ಅಂತಾಗಿ, ಆಮೇಲೆ ಎಲ್ಲ ಸೂಚನೆಗೂ ಅದೇ ಹೆಸರಾಯಿತು. ಎಲ್ಲಿಯ ರೋಮ್, ಎಲ್ಲಿಯ ನಾವು! ನಮ್ಮ ಹಳ್ಳಿಗಳಲ್ಲಿ ಬೆಳಗಿನ ಜಾವ ಬುಡುಬುಡಿಕೆಯವರು ಬಂದು 'ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ' ಅನ್ನುತ್ತಾರಲ್ಲ, ಅದು ಅಪ್ಪಟ ಆಗ್ಯುರಿ. ಹಕ್ಕಿ ಕೂಗಿದ್ದು ಎಲ್ಲರಿಗೂ ಕೇಳಿರುತ್ತದೆ. ಅದು ಏನು ಹೇಳಿತು ಅಂತ ತಿಳಿಸುವವನು ಅವನೊಬ್ಬನೇ.

ಪ್ರೆಸೇಜ್ ಹೆಚ್ಚಾಗಿ ಕ್ರಿಯಾಪದವಾಗಿ ಬರುತ್ತದೆ, ಬರವಣಿಗೆಯಲ್ಲೇ ಜಾಸ್ತಿ. ಇವತ್ತು ಚಿಕ್ಕದಾಗಿ ಕಂಡದ್ದು ನಾಳೆಯ ದೊಡ್ಡದನ್ನು ಮೊದಲೇ ತೋರಿಸುವುದು. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಅಂತೀವಲ್ಲ, ಆ ಮೊಳಕೆ ಮಾಡುವ ಕೆಲಸವೇ ಪ್ರೆಸೇಜ್. ಇದಕ್ಕೆ ದೇವರೂ ಬೇಡ, ಹಕ್ಕಿಯೂ ಬೇಡ.

ಧಾರವಾಡದಿಂದ ಓದುಗರೊಬ್ಬರು: ನಮ್ಮ ಸಂಘದ ಕಾರ್ಯಕ್ರಮಕ್ಕೆ ಇಂಗ್ಲಿಷ್ ಆಮಂತ್ರಣ ಬರೆದೆ. 'ಈ ಶುಭ ಸಂದರ್ಭದಲ್ಲಿ' ಅನ್ನುವುದಕ್ಕೆ 'ಆಮಿನಸ್ ಅಕೇಷನ್' ಅಂತ ಹಾಕಿದ್ದೆ. ಓಮೆನ್ ಒಳ್ಳೆಯದಕ್ಕೂ ಆಗುತ್ತದೆ ಅಂತ ಓದಿದ್ದೆ. ಅಚ್ಚಾದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ನೋಡಿ ಗಾಬರಿಯಾದರು. ತಪ್ಪೇನು?

ಉತ್ತರ: ನಿಮ್ಮ ತರ್ಕ ಸರಿ, ಪದ ತಪ್ಪು. ಓಮೆನ್ ಎರಡೂ ಕಡೆ ಹೋಗುತ್ತದೆ, ಆದರೆ ಅದರಿಂದ ಹುಟ್ಟಿದ ಆಮಿನಸ್ ಕೆಟ್ಟದ್ದಕ್ಕೆ ಮಾತ್ರ. ಆಮಿನಸ್ ಮೋಡ, ಆಮಿನಸ್ ಮೌನ, ಎಲ್ಲವೂ ಏನೋ ಕೇಡು ಕಾದಿದೆ ಅಂತ ಹೆದರಿಸುವಂಥವು. ನಿಮಗೆ ಬೇಕಿದ್ದದ್ದು ಆಸ್ಪಿಷಸ್. ಅದು ಒಳ್ಳೆಯದಕ್ಕೆ ಮಾತ್ರ.

ಯಾಕೆ ಹೀಗೆ ಅಂದರೆ, ಭಾಷೆಯಲ್ಲಿ ಇದು ಆಗುತ್ತಲೇ ಇರುತ್ತದೆ. ನಮ್ಮ 'ಗ್ರಹಚಾರ' ನೋಡಿ. ಗ್ರಹಗಳ ನಡಿಗೆ ಅಂತ ಅರ್ಥ, ಅದರಲ್ಲಿ ಒಳ್ಳೆಯ ನಡಿಗೆಯೂ ಇರಬೇಕು. ಆದರೆ ಲಾಟರಿ ಹೊಡೆದವನು ಯಾರಾದರೂ 'ನನ್ನ ಗ್ರಹಚಾರ' ಅಂತಾನಾ? ಕೆಲಸ ಹೋದವನು ಅಂತಾನೆ. 'ದೃಷ್ಟಿ ಆಗಿದೆ' ಅಂದರೂ ಕೆಟ್ಟ ದೃಷ್ಟಿಯೇ. ಜನ ಪದವನ್ನು ಯಾವಾಗ ಬಾಯಿಗೆ ತರುತ್ತಾರೋ ಅದರ ಬಣ್ಣ ಪದಕ್ಕೆ ಹತ್ತುತ್ತದೆ. ಓಮೆನ್ ಬಳಗದಲ್ಲೇ ಇನ್ನೊಂದು ಪದ ಇದೆ, ಅಬಾಮಿನಬಲ್. ಕೆಟ್ಟ ಓಮೆನ್ ಕಂಡಾಗ 'ದೂರ ಹೋಗು' ಅಂತ ತಳ್ಳುವುದಕ್ಕೆ ಲ್ಯಾಟಿನ್ನಿನಲ್ಲಿ ಇದ್ದ ಕ್ರಿಯಾಪದದಿಂದ ಅದು ಬಂತು. ಇವತ್ತು ಅದಕ್ಕೆ 'ಅಸಹ್ಯ' ಅಂತ ಅರ್ಥ. ಮಧ್ಯಯುಗದಲ್ಲಿ ಕೆಲವರು ಇದು ಮನುಷ್ಯ ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು, ಅಂದರೆ 'ಮನುಷ್ಯನಲ್ಲದ್ದು', ಅಂತ ತಪ್ಪು ತಿಳಿದು ನಡುವೆ ಒಂದು ಹಕಾರ ಬೇರೆ ಸೇರಿಸಿ ಬರೆಯುತ್ತಿದ್ದರು.

ಪೋರ್ಟೆಂಟಸ್ ಬಗ್ಗೆಯೂ ಎಚ್ಚರ ಇರಲಿ. 'ಮುಂದಿನ ದೊಡ್ಡ ಘಟನೆಯನ್ನು ಸೂಚಿಸುವ' ಅನ್ನುವ ಅರ್ಥ ಇದ್ದೇ ಇದೆ. ಆದರೆ ಒಬ್ಬರ ಭಾಷಣವನ್ನು ಪೋರ್ಟೆಂಟಸ್ ಅಂದರೆ, ಇಲ್ಲದ ಗಾಂಭೀರ್ಯ ತಂದುಕೊಂಡು ಮಾತಾಡಿದರು ಅಂತ ಆಗುತ್ತದೆ. ಮುಖ್ಯ ಅತಿಥಿಗಳಿಗೆ ಹೊಗಳಿಕೆ ಅಂತ ಬಳಸಬೇಡಿ.

ಇನ್ನು 'ಅಂಡರ್ ದಿ ಆಸ್ಪಿಸಸ್ ಆಫ್' ಅಂತ ಆಮಂತ್ರಣಗಳಲ್ಲಿ ಹಾಕುತ್ತಾರಲ್ಲ, ಅದು ನಮ್ಮ 'ಆಶ್ರಯದಲ್ಲಿ'. ರೋಮಿನ ಸೈನ್ಯದಲ್ಲಿ ಹಕ್ಕಿ ನೋಡಿಸುವ ಹಕ್ಕು ಮುಖ್ಯ ಸೇನಾಪತಿಗೆ ಮಾತ್ರ ಇತ್ತು. ಆದ್ದರಿಂದ ಯುದ್ಧ ಯಾರೇ ಮಾಡಲಿ, ಅದು ನಡೆದದ್ದು ಅವನ ಆಸ್ಪಿಸ್ ಕೆಳಗೆ. ಅದೇ ಈಗ ಸಂಘ ಸಂಸ್ಥೆಗಳ ಹೆಸರಿನ ಹಿಂದೆ ಕೂತಿದೆ. ಉದ್ಘಾಟನೆಗೆ ಬಳಸುವ ಇನಾಗ್ಯುರೇಟ್ ಒಳಗೂ ಆಗರ್ ಇದ್ದಾನೆ, ಗಮನಿಸಿದಿರಾ?

ಮಂಗಳೂರಿನಿಂದ ಓದುಗರೊಬ್ಬರು: ಸಿನಿಸ್ಟರ್ ಅಂದರೆ ಎಡಗೈ ಅಂತ ಎಲ್ಲೋ ಓದಿದೆ. ನಾನು ಎಡಚ. ನಿಜವಾ?

ಉತ್ತರ: ಲ್ಯಾಟಿನ್ನಿನಲ್ಲಿ ಸಿನಿಸ್ಟರ್ ಅಂದರೆ ಎಡ, ಅದು ನಿಜ. ಆದರೆ ನೀವು ನೊಂದುಕೊಳ್ಳುವ ಹಾಗಿಲ್ಲ, ಯಾಕೆಂದರೆ ರೋಮಿನ ಆಗರ್‌ಗಳಿಗೆ ಎಡವೇ ಶುಭ. ಅವರು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು, ಸೂರ್ಯ ಹುಟ್ಟುವ ಪೂರ್ವ ಅವರ ಎಡಕ್ಕೆ ಬರುತ್ತಿತ್ತು. ಗ್ರೀಕರು ಉತ್ತರಕ್ಕೆ ಮುಖ ಮಾಡುತ್ತಿದ್ದರು, ಅವರಿಗೆ ಎಡ ಅಂದರೆ ಸೂರ್ಯ ಮುಳುಗುವ ಕಡೆ, ಅಶುಭ. ಗ್ರೀಕರ ಪ್ರಭಾವ ಹೆಚ್ಚಾಗುತ್ತಾ ರೋಮಿನಲ್ಲೂ ಎಡ ಕೆಟ್ಟದಾಯಿತು, ಇಂಗ್ಲಿಷಿಗೆ ಬಂದದ್ದು ಆ ಕೆಟ್ಟ ಅರ್ಥ. ನಮ್ಮಲ್ಲೂ ಕಣ್ಣು ಅದುರಿದರೆ ಗಂಡಸಿಗೆ ಬಲ ಒಳ್ಳೆಯದು, ಹೆಂಗಸಿಗೆ ಎಡ ಒಳ್ಳೆಯದು. ಸುಂದರಕಾಂಡದಲ್ಲಿ ಅಶೋಕವನದಲ್ಲಿದ್ದ ಸೀತೆಗೆ ಎಡಗಣ್ಣು ಅದುರುವುದು ಶುಭಸೂಚನೆಯಾಗಿಯೇ ಬರುತ್ತದೆ. ಎಡ ಬಲ ಅನ್ನುವುದೆಲ್ಲ ಯಾರು ಎಲ್ಲಿ ನಿಂತು ನೋಡುತ್ತಾರೆ ಅನ್ನುವುದರ ಮೇಲೆ.

ಆಮಿನಸ್‌ಗೂ ಸಿನಿಸ್ಟರ್‌ಗೂ ಇರುವ ವ್ಯತ್ಯಾಸ ಇಷ್ಟು: ಆಮಿನಸ್ ಮುಂದೆ ಬರುವ ಕೇಡನ್ನು ತೋರಿಸುತ್ತದೆ, ಸಿನಿಸ್ಟರ್‌ನಲ್ಲಿ ಕೇಡು ಬಗೆಯುವ ಮನಸ್ಸು ಒಳಗೇ ಇರುತ್ತದೆ. ಮೋಡ ಆಮಿನಸ್ ಆಗಬಹುದು, ಅದಕ್ಕೆ ನಮ್ಮ ಮೇಲೆ ದ್ವೇಷ ಇಲ್ಲ. ನಗು ಸಿನಿಸ್ಟರ್ ಆಗಬಹುದು.

ಬೆಂಗಳೂರಿನಿಂದ, ಪತ್ರಿಕೆಯೊಂದರಲ್ಲಿ ಕೆಲಸ ಮಾಡುವವರು: ನಾವು ಹಾರ್ಬಿಂಜರ್ ಅನ್ನುವುದನ್ನು ಧಾರಾಳವಾಗಿ ಬಳಸುತ್ತೇವೆ. ಅದು ಓಮೆನ್‌ನ ಇನ್ನೊಂದು ಹೆಸರೇ ಅಲ್ವಾ?

ಉತ್ತರ: ಅಲ್ಲ. ಇದು ನನ್ನ ಮೆಚ್ಚಿನ ಪದ, ಅದಕ್ಕೇ ಕೇಳಿದ್ದು ಖುಷಿಯಾಯಿತು. ಹಾರ್ಬಿಂಜರ್ ಮೊದಲಿಗೆ ಒಬ್ಬ ಮನುಷ್ಯ. ರಾಜನೋ ಸೈನ್ಯವೋ ಪ್ರಯಾಣ ಹೊರಟರೆ, ಒಂದು ದಿನ ಮುಂಚೆ ಹೋಗಿ ಮುಂದಿನ ಊರಿನಲ್ಲಿ ಉಳಿಯುವ ಏರ್ಪಾಡು ಮಾಡುವವನು. ಬಂದರಿಗೆ ಹಾರ್ಬರ್ ಅಂತೀವಲ್ಲ, ಅದೂ ಇದೇ ಬೇರಿನದು, ಆಸರೆ ಕೊಡುವ ಜಾಗ ಅಂತ. ಅವನು ಊರಿಗೆ ಬಂದ ಅಂದರೆ ಹಿಂದೆಯೇ ರಾಜ ಬರುತ್ತಾನೆ ಅಂತ ಜನಕ್ಕೆ ಗೊತ್ತು. ನಮ್ಮ ಮದುವೆಗಳಲ್ಲಿ ದಿಬ್ಬಣಕ್ಕಿಂತ ಮುಂಚೆ ಹುಡುಗನ ಕಡೆಯ ಒಂದಿಬ್ಬರು ಬಂದು ಛತ್ರದಲ್ಲಿ ರೂಮು ನೋಡುತ್ತಾರಲ್ಲ, ಅವರ ಹಾಗೆ.

ಹಾಗಾಗಿ ಹಾರ್ಬಿಂಜರ್ ಬರುವುದರ ಜೊತೆಗೇ ಸೇರಿದ್ದು, ಅದರ ಮುಂದಿನ ತುದಿ. ಓಮೆನ್‌ಗೆ ಆ ನಂಟು ಬೇಕಾಗಿಲ್ಲ. ಯುಗಾದಿ ಹತ್ತಿರ ಕೋಗಿಲೆ ಕೂಗಿದರೆ ಅದು ವಸಂತದ ಹಾರ್ಬಿಂಜರ್, ಯಾಕೆಂದರೆ ಕೂಗುವ ಕೋಗಿಲೆ, ಚಿಗುರುವ ಮಾವು ಎಲ್ಲವೂ ವಸಂತವೇ. ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಅನ್ನುವುದು ಓಮೆನ್. ಕಾಗೆಗೂ ನಿಮ್ಮ ಸೋದರಮಾವನ ಬಸ್ಸಿಗೂ ಸಂಬಂಧ ಇಲ್ಲ.

ಪತ್ರಿಕೆಯವರಿಗೆ ಇನ್ನೆರಡು ಪದ ಹೇಳಬೇಕು. ಕಲ್ಲಿದ್ದಲು ಗಣಿಯ ಕ್ಯಾನರಿ ಹಕ್ಕಿಯನ್ನು ಓಮೆನ್ ಜಾಗದಲ್ಲಿ ಬಳಸಿದ್ದನ್ನು ನೋಡಿದ್ದೇನೆ, ಅದು ಸರಿಯಲ್ಲ. ಗಣಿಯಲ್ಲಿ ಬಣ್ಣ ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿದರೆ ಮನುಷ್ಯನಿಗೆ ಗೊತ್ತಾಗುವ ಮುಂಚೆ ಆ ಪುಟ್ಟ ಹಕ್ಕಿ ಕೂತಲ್ಲಿಂದ ಬೀಳುತ್ತಿತ್ತು, ಗಣಿಯವರು ಹೊರಗೆ ಓಡುತ್ತಿದ್ದರು. ಬ್ರಿಟನ್ ಈ ಪದ್ಧತಿಯನ್ನು ಕೈಬಿಡುವುದಾಗಿ ಹೇಳಿದ್ದು 1986ರಲ್ಲಿ. ಅಲ್ಲಿ ಹಕ್ಕಿ ಇದೆ, ಸೂಚನೆ ಇದೆ, ಆದರೆ ಕಾರಣವೂ ಇದೆ. ಅದು ಎಚ್ಚರಿಕೆ, ಶಕುನ ಅಲ್ಲ. ಚುನಾವಣೆಯ ಸಮಯದಲ್ಲಿ ಬರುವ ಬೆಲ್‌ವೆದರ್ ಇನ್ನೊಂದು. ಅದಕ್ಕೂ ಹವಾಮಾನದ ವೆದರ್‌ಗೂ ಸಂಬಂಧ ಇಲ್ಲ, ಸ್ಪೆಲಿಂಗೇ ಬೇರೆ. ಅಲ್ಲಿ ವೆದರ್ ಅಂದರೆ ಬೀಜ ತೆಗೆದ ಟಗರು. ಅದರ ಕೊರಳಿಗೆ ಗಂಟೆ ಕಟ್ಟಿದರೆ ಮಂದೆ ಅದರ ಹಿಂದೆ ಹೋಗುತ್ತದೆ. ಇಡೀ ರಾಜ್ಯದ ಮತ ಎತ್ತ ಹೋಗುತ್ತದೆ ಅಂತ ತೋರಿಸುವ ಕ್ಷೇತ್ರಕ್ಕೆ ಈ ಹೆಸರು.

ನ್ಯೂಜೆರ್ಸಿಯಿಂದ ಕನ್ನಡತಿಯೊಬ್ಬರು: ಹೋದ ವರ್ಷ ಒಂದು ರಾತ್ರಿ ನಿದ್ದೆ ಬರಲಿಲ್ಲ. ಏನೋ ಸಂಕಟ. ಬೆಳಿಗ್ಗೆ ಊರಿಂದ ಫೋನ್ ಬಂತು, ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದರು. ಇಲ್ಲಿನ ಗೆಳತಿಗೆ ಹೇಳುವಾಗ ಪ್ರೆಮೊನಿಷನ್ ಅನ್ನಬೇಕೋ ಫೋರ್‌ಬೋಡಿಂಗ್ ಅನ್ನಬೇಕೋ ಗೊತ್ತಾಗಲಿಲ್ಲ.

ಉತ್ತರ: ಮೊದಲು, ಅಮ್ಮ ಈಗ ಓಡಾಡುತ್ತಿದ್ದಾರೆ ಅಂದುಕೊಳ್ಳುತ್ತೇನೆ. ಅಷ್ಟು ದೂರ ಇದ್ದು ಇಂಥ ಫೋನ್ ಎತ್ತುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನೀವು ಹೇಳಿದ್ದು ಫೋರ್‌ಬೋಡಿಂಗ್. ಇದುವರೆಗೆ ನೋಡಿದ ಪದಗಳೆಲ್ಲ ಹೊರಗೆ ಕಂಡದ್ದಕ್ಕೆ ಅಥವಾ ಕೇಳಿದ್ದಕ್ಕೆ. ನಿಮ್ಮ ಎರಡೂ ಪದ ಒಳಗಿನವು. ಫೋರ್‌ಬೋಡಿಂಗ್ ಅಂದರೆ ಇಂಥದ್ದೇ ಅಂತ ಹೇಳಲಾಗದ ಕಸಿವಿಸಿ, ಏನೋ ಕೆಟ್ಟದ್ದು ಆಗುತ್ತದೆ ಅನ್ನುವ ಭಾರ. ಏನು, ಯಾರಿಗೆ, ಎಲ್ಲಿ, ಯಾವುದೂ ಗೊತ್ತಿಲ್ಲ. ಪ್ರೆಮೊನಿಷನ್‌ಗೆ ಒಂದು ಆಕಾರ ಇರುತ್ತದೆ. ಅಮ್ಮ ಬಿದ್ದ ಹಾಗೆ ನಿಮಗೆ ಕನಸಾಗಿದ್ದರೆ, ಅಥವಾ 'ಅಮ್ಮನಿಗೆ ಏನೋ ಆಗಿದೆ' ಅಂತಲೇ ಅನಿಸಿದ್ದರೆ ಅದು ಪ್ರೆಮೊನಿಷನ್. ಅದರ ಬೇರಿನಲ್ಲೇ 'ಮುಂಚೆ ಎಚ್ಚರಿಸುವುದು' ಅನ್ನುವ ಅರ್ಥ ಇದೆ, ಅಂದರೆ ಯಾರೋ ಬಂದು ಹೇಳಿದ ಹಾಗೆ. ಪ್ರೆಸೆಂಟಿಮೆಂಟ್ ಅಂತ ಮೂರನೆಯದೊಂದು ಇದೆ, ಹಳೆಯ ಕಾದಂಬರಿಗಳಲ್ಲಿ ಸಿಗುತ್ತದೆ, ಒಳ್ಳೆಯದಕ್ಕೂ ಬರುತ್ತದೆ. ಗೆಳತಿಯ ಜೊತೆ ಮಾತಾಡುವಾಗ ಬೇಕಾಗುವುದಿಲ್ಲ.

ನಮ್ಮಲ್ಲಿ ಇದಕ್ಕೆ ಪದಕ್ಕಿಂತ ಹೆಚ್ಚಾಗಿ ಮಾತಿದೆ. ಕರುಳು ಚುರುಕ್ ಅಂತು, ಎದೆ ಹೊಡ್ಕೊಂತು, ಮನಸ್ಸು ತಡೀಲಿಲ್ಲ. ಇಂಗ್ಲಿಷಿನವರು ಹೆಸರು ಇಟ್ಟು ಹೇಳುವುದನ್ನು ನಾವು ಮೈಯಲ್ಲಿ ಎಲ್ಲಿ ಆಯಿತು ಅಂತ ಹೇಳುತ್ತೇವೆ. ಆದ್ದರಿಂದ 'ಕರುಳು ಚುರುಕ್ ಅಂತು' ಅನ್ನುವುದಕ್ಕೆ ಒಂದು ಪದ ಹುಡುಕಬೇಡಿ, ನಿಮಗೆ ಆವತ್ತು ಹೇಗಾಯಿತೋ ಹಾಗೆ ಹೇಳಿ, ಗೆಳತಿಗೆ ಅರ್ಥವಾಗುತ್ತದೆ.

ಹೊಸಪೇಟೆಯಿಂದ ಓದುಗರೊಬ್ಬರು: ಮೈಲಾರದ ಕಾರ್ಣಿಕದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಬೇಕು. ಓಮೆನ್ ಅಂತ ಹಾಕಲಾ, ಪ್ರಾಫೆಸಿ ಅಂತ ಹಾಕಲಾ?

ಉತ್ತರ: ಓಮೆನ್ ಬೇಡ. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಭರತ ಹುಣ್ಣಿಮೆ ಆದ ಮೇಲೆ ಗೊರವಯ್ಯ ದೊಡ್ಡ ಬಿಲ್ಲನ್ನೇರಿ 'ಸದ್ದಲೇ' ಅನ್ನುತ್ತಾರೆ. ಲಕ್ಷಗಟ್ಟಲೆ ಜನ ಗಪ್‌ಚುಪ್. ಆಮೇಲೆ ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾರೆ. ಆ ಸಾಲನ್ನು ಹಿಡಿದು ರೈತರು ಮಳೆ ಬೆಳೆ ಅಂತ, ರಾಜಕೀಯದವರು ಕುರ್ಚಿ ಅಂತ ಅರ್ಥ ಮಾಡಿಕೊಳ್ಳುತ್ತಾರೆ.

ಇದಕ್ಕೆ ಹತ್ತಿರದ ಪದ ಆರಕಲ್. ಗ್ರೀಸಿನ ಡೆಲ್ಫಿಯಲ್ಲಿ ಅಪೊಲೊ ದೇವರ ಪೂಜಾರಿಣಿ ನುಡಿಯುತ್ತಿದ್ದಳು. ನುಡಿಯುವವಳೂ ಆರಕಲ್, ಆ ಜಾಗವೂ ಆರಕಲ್, ನುಡಿದ ಮಾತೂ ಆರಕಲ್. ಆ ಮಾತಿಗೆ ಎರಡು ಮೂರು ಅರ್ಥ ಇರುವುದೇ ಅದರ ಗುಣ. ಲಿಡಿಯದ ರಾಜ ಕ್ರೀಸಸ್ ಪರ್ಷಿಯದ ಮೇಲೆ ಯುದ್ಧಕ್ಕೆ ಹೋಗಲಾ ಅಂತ ಕೇಳಿದ. 'ಹೋದರೆ ಒಂದು ದೊಡ್ಡ ಸಾಮ್ರಾಜ್ಯ ಬೀಳುತ್ತದೆ' ಅಂತ ಉತ್ತರ ಬಂತು. ಹೋದ. ಬಿದ್ದದ್ದು ಅವನದೇ. ಪ್ರಾಫೆಸಿ ಅಂದರೆ ಅಷ್ಟು ಒಗಟು ಇರಬೇಕಾಗಿಲ್ಲ, ಮುಂದೆ ಹೀಗಾಗುತ್ತದೆ ಅಂತ ದೇವರ ಪರವಾಗಿ ನೇರವಾಗಿ ಹೇಳಿದರೂ ಆಗುತ್ತದೆ. ನಾನಾದರೆ ಕಾರ್ಣಿಕ ಅಂತಲೇ ಬರೆದು, ಮೊದಲ ಸಲ ಬಂದಾಗ 'ಗೊರವಯ್ಯ ನುಡಿಯುವ ಒಂದು ಸಾಲಿನ ಆರಕಲ್' ಅಂತ ವಿವರಿಸುತ್ತೇನೆ. ಪ್ರಾಫೆಸಿ ಬರೆಯುವಾಗ ನಾಮಪದದಲ್ಲಿ ಕೊನೆಯ 'ವೈ'ಗೆ ಮುಂಚೆ 'ಸಿ' ಅಕ್ಷರ, ಕ್ರಿಯಾಪದದಲ್ಲಿ 'ಎಸ್'. ಕ್ರಿಯಾಪದದ ಉಚ್ಚಾರ ಪ್ರಾಫೆಸೈ.

ಮೈಸೂರಿನಿಂದ ಅನುವಾದಕರೊಬ್ಬರು: ಹಳೆಯ ಕಥೆಯೊಂದನ್ನು ಇಂಗ್ಲಿಷಿಗೆ ಮಾಡುತ್ತಿದ್ದೇನೆ. ಅದರಲ್ಲಿ ಗಂಡ ಸತ್ತವಳು ಎದುರಿಗೆ ಬಂದಳು ಅಂತ ಹೊರಟವರು ಮನೆಗೆ ವಾಪಸ್ ಹೋಗುತ್ತಾರೆ. 'ಅಪಶಕುನ' ಅಂತ ಮೂಲದಲ್ಲಿದೆ. 'ಅವಳು ಬ್ಯಾಡ್ ಓಮೆನ್' ಅಂತ ಹಾಕಿದ್ದೇನೆ. ಓದಿದರೆ ಏನೋ ಸರಿ ಅನಿಸುತ್ತಿಲ್ಲ. ಅದೇ ಕಥೆಯಲ್ಲಿ ಸೊಸೆಯ ಕಾಲ್ಗುಣ ಅಂತಲೂ ಬರುತ್ತದೆ.

ಉತ್ತರ: ಸರಿ ಅನಿಸದೇ ಇರುವುದು ನಿಮ್ಮ ಒಳ್ಳೆಯ ಕಿವಿ. ಎರಡು ತೊಂದರೆ ಇದೆ.

ಒಂದು, ಓಮೆನ್ ತಿಳಿಸುತ್ತದೆ, ಮಾಡುವುದಿಲ್ಲ. ಕಾಲ್ಗುಣ ಅಂದರೆ ಹಾಗಲ್ಲ, ಅವಳು ಬಂದದ್ದರಿಂದಲೇ ಹೀಗಾಯಿತು ಅನ್ನುವ ಆರೋಪ. ಸೊಸೆ ಬಂದ ವಾರದಲ್ಲಿ ಎತ್ತು ಸತ್ತರೆ ಅವಳ ಕಾಲಿನ ಮೇಲೆ ಹಾಕುವುದು. ಇಂಗ್ಲಿಷಿನಲ್ಲಿ ಹಾಗೆ ಕೆಟ್ಟದ್ದನ್ನು ತರುವ ಮನುಷ್ಯರಿಗೆ ಜಿಂಕ್ಸ್ ಅಂತಾರೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಬೇಸ್‌ಬಾಲ್ ಆಟದವರ ಬಾಯಿಂದ ಹರಡಿದ ಪದ. ಬೇರು ಹುಡುಕುತ್ತಾ ಹೋದ ನಿಘಂಟುಗಳು ಮಾಟಕ್ಕೆ ಬಳಸುತ್ತಿದ್ದ ಒಂದು ಹಕ್ಕಿಯ ಹೆಸರಿನ ಕಡೆ ಕೈ ತೋರಿಸುತ್ತವೆ, ಇಲ್ಲೂ ಹಕ್ಕಿಯೇ! ಹಡಗಿನವರು ಇದೇ ಅರ್ಥದಲ್ಲಿ ಜೋನಾ ಅನ್ನುತ್ತಾರೆ, ಬೈಬಲ್ಲಿನಲ್ಲಿ ಬಿರುಗಾಳಿ ಬಂತು ಅಂತ ಸಮುದ್ರಕ್ಕೆ ಎಸೆಯಲ್ಪಟ್ಟ ಯೋನನ ಹೆಸರಿನಿಂದ. ಆದರೆ ಜಿಂಕ್ಸ್ ಆಟದ ಮೈದಾನದ ಹಗುರ ಪದ. ಹಳ್ಳಿಮನೆಯ ಸೊಸೆಗೆ ಹಾಕಿದರೆ ಕಾಲ್ಗುಣದ ನೋವು ಹೊರಟುಹೋಗುತ್ತದೆ. 'ಅವಳು ಹೊಸ್ತಿಲು ದಾಟಿ ತಂದ ಅದೃಷ್ಟ' ಅಂತ ಬಿಡಿಸಿ ಹೇಳುವುದೇ ಮೇಲು.

ಎರಡನೆಯದು ನನಗೆ ಇನ್ನೂ ದೊಡ್ಡದು. 'ಅವಳು ಬ್ಯಾಡ್ ಓಮೆನ್' ಅಂದರೆ ಕಥೆ ಹೇಳುವವನೇ ಹಾಗೆ ತೀರ್ಪು ಕೊಟ್ಟಂತಾಯಿತು. ನಮ್ಮ ಮನೆಯಲ್ಲಿ ನನ್ನ ಸೋದರತ್ತೆ ಇದ್ದರು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದರು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ, ಯಾರೂ ಹೇಳದಿದ್ದರೂ, ಕೈಲಿದ್ದ ಕೆಲಸ ಅಲ್ಲೇ ಬಿಟ್ಟು ಅಡುಗೆಮನೆ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದರು. ನಾನು ಹತ್ತನೇ ಕ್ಲಾಸ್ ಪರೀಕ್ಷೆಗೆ ಹೊರಟ ದಿನವೂ ಹಾಗೇ ನಿಂತಿದ್ದರು. ಆ ಪರೀಕ್ಷೆಗೆ ನನ್ನನ್ನು ಬೆಳಗಿನ ಜಾವ ಎಬ್ಬಿಸಿ ಕಾಫಿ ಕೊಟ್ಟು ಓದಿಸಿದವರು ಅವರೇ. ನಾನು ವಾಪಸ್ ಹೋಗಿ ಅವರ ಕಾಲಿಗೆ ಬಿದ್ದು ಹೊರಟೆ. ಅವರು ಅತ್ತರು. ಅವರಲ್ಲಿ ಏನೂ ಇರಲಿಲ್ಲ. ಎಲ್ಲ ಇದ್ದದ್ದು ನೋಡುವವರ ಕಣ್ಣಲ್ಲಿ.

ಮೇಲೆ ಆ ರೋಮಿನ ಅಪ್ಪ 'ಒಪ್ಪಿಕೊಂಡೆ' ಅಂದನಲ್ಲ, ಇಂಗ್ಲಿಷಿನಲ್ಲಿ ಆ ಕ್ರಿಯಾಪದ ಇನ್ನೂ ಬದುಕಿದೆ. ಒಂದನ್ನು ಓಮೆನ್ ಆಗಿ 'ಟೇಕ್' ಮಾಡುತ್ತಾರೆ. ಅದನ್ನು ಬಳಸಿ. 'ಅವಳನ್ನು ಎದುರು ಕಂಡದ್ದನ್ನು ಅವರು ಬ್ಯಾಡ್ ಓಮೆನ್ ಅಂತ ತೆಗೆದುಕೊಂಡರು' ಅನ್ನುವ ಹಾಗೆ ವಾಕ್ಯ ಕಟ್ಟಿ. ತೆಗೆದುಕೊಂಡವರು ಯಾರು ಅನ್ನುವುದು ವಾಕ್ಯದಲ್ಲಿ ಉಳಿಯುತ್ತದೆ. ಇನ್ಆಸ್ಪಿಷಸ್ ಅನ್ನುವ ಪದವನ್ನು ಅವಳಿಗೆ ಅಂಟಿಸಬೇಡಿ. ಆ ಪದ ಹೊತ್ತಿಗೆ, ದಿನಕ್ಕೆ, ಆರಂಭಕ್ಕೆ ಇರಲಿ.

ತುಮಕೂರಿನಿಂದ ಶಿಕ್ಷಕರೊಬ್ಬರು: ಮಕ್ಕಳು ಈ ಪದಗಳನ್ನು ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ಉಚ್ಚಾರ ಹೇಳಿ. 'ಒಳ್ಳೆಯ ಲಕ್ಷಣ' ಅನ್ನಲು ಚಿಕ್ಕ ಪದ ಇದೆಯಾ?

ಉತ್ತರ: ಓಮೆನ್‌ಗೆ ದೀರ್ಘ 'ಓ', ಆದರೆ ಆಮಿನಸ್‌ಗೆ 'ಆ' ಹತ್ತಿರದ ಸ್ವರ, ಓಮಿನಸ್ ಅಲ್ಲ. ಹಾರ್ಬಿಂಜರ್ ಅನ್ನಬೇಕು, ಹಾರ್ಬಿಂಗರ್ ಅಲ್ಲ. ಪೋರ್ಟೆಂಟ್‌ನಲ್ಲಿ ಒತ್ತು ಮೊದಲಿಗೆ, ಪೋರ್ಟೆಂಟಸ್‌ನಲ್ಲಿ ನಡುವಿನ 'ಟೆ' ಮೇಲೆ. ಪ್ರೆಸೇಜ್ ಅನ್ನು ನಾಮಪದವಾಗಿ ಓದುವಾಗ 'ಪ್ರೆಸಿಜ್' ಅಂತಲೇ ಜಾಸ್ತಿ ಕೇಳುತ್ತೇವೆ. ಒಳ್ಳೆಯ ಲಕ್ಷಣಕ್ಕೆ 'ಬೋಡ್ಸ್ ವೆಲ್' ಅನ್ನಿ, ಕೆಟ್ಟದ್ದಕ್ಕೆ 'ಬೋಡ್ಸ್ ಇಲ್'. ಆಗರ್ ಕೂಡ ಹಾಗೇ, 'ಆಗರ್ಸ್ ವೆಲ್'. ಯಾರಿಗೆ ಅಂತ ಹೇಳಬೇಕಾದರೆ ಮುಂದೆ 'ಫಾರ್' ಬರುತ್ತದೆ, 'ಟು' ಅಲ್ಲ.